ಯಾರ ಕೊಸರು ಎಷ್ಟು

ನಕಾಶೆಯನ್ನು ಮೇಜಿನ ಮೇಲೆ ಬಿಡಿಸಿದ ಕೂಡಲೇ ನಾನು ಕೇಳಿದ್ದು ಒಂದೇ ಮಾತು. "ಇಷ್ಟು ತೆಳ್ಳಗ ಯಾಕ್ರಿ ಮೇಡಂ?"

ಅದು ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಮಾಲಕರು ಕೂರುವ ಕೋಣೆ. ಮಳೆಗಾಲ ಆಗಷ್ಟೇ ಹಿಡಿದಿತ್ತು. ಎದುರಿಗೆ ಕುಳಿತಿದ್ದ ಎಂಜಿನಿಯರ್ ಮೇಡಂ ಜೆಟ್ ಎಂಜಿನ್ನಿನ ವಿನ್ಯಾಸ ಮಾಡುವ ತಂಡದವರು, ಬೆಂಗಳೂರಿನಿಂದ ಬಂದಿದ್ದರು. ವಾಯುಪಡೆಗೆ ಹೊಸದಾಗಿ ಸೇರಿದವರಿಗೆ ಹಾರುವುದನ್ನು ಕಲಿಸುವ ವಿಮಾನ ಇರುತ್ತದಲ್ಲ, ಅದಕ್ಕೆ ನಮ್ಮಲ್ಲೇ ಒಂದು ಎಂಜಿನ್ ತಯಾರಿಸುತ್ತಿದ್ದರು. ಆ ಎಂಜಿನ್ನಿನ ಹೊಟ್ಟೆಗೆ ಅಂಟಿದ ಹಾಗೆ ಒಂದು ಗಿಯರ್ ಪೆಟ್ಟಿಗೆ ಕೂರುತ್ತದೆ. ತಿರುಗುವ ಎಂಜಿನ್ನಿನಿಂದ ಶಕ್ತಿ ತೆಗೆದುಕೊಂಡು ಇಂಧನದ ಪಂಪು, ಎಣ್ಣೆಯ ಪಂಪು, ಜನರೇಟರ್ ಎಲ್ಲವನ್ನೂ ತಿರುಗಿಸುವುದು ಈ ಪೆಟ್ಟಿಗೆ. ಅದರ ಹೊರಗಿನ ಕವಚವನ್ನು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಎರಕ ಹೊಯ್ಯಬೇಕಿತ್ತು. ಎರಕಕ್ಕೂ ಮೊದಲು ಕಟ್ಟಿಗೆಯಲ್ಲಿ ಅದರದೇ ರೂಪ ಕೆತ್ತಬೇಕು. ಅದಕ್ಕೆ ನಾವು ಪ್ಯಾಟರ್ನ್ ಅನ್ನುತ್ತೇವೆ. ಪ್ಯಾಟರ್ನನ್ನು ಮರಳಿನಲ್ಲಿ ಹುಗಿದು, ಬಡಿದು ಗಟ್ಟಿಮಾಡಿ, ಮೆಲ್ಲಗೆ ಎತ್ತಿದರೆ ಉಳಿಯುವ ಪೊಳ್ಳಿನಲ್ಲಿ ಲೋಹ ಹೊಯ್ಯುತ್ತಾರೆ. ಕಟ್ಟಿಗೆಯ ಕೆಲಸ ನನ್ನದು.

"ಗೋಡೆ ನಾಲ್ಕು ಮಿಲಿಮೀಟರ್ ಸಾಕು ಮಿಸ್ತ್ರಿಯವರೇ. ಇದು ಹಾರೋ ವಸ್ತು. ಒಂದೊಂದು ಗ್ರಾಮಿಗೂ ನಾವು ಉತ್ತರ ಕೊಡ್ಬೇಕು," ಅಂದರು ಮೇಡಂ.

"ಹಂಗಿದ್ರ ಕಂಪ್ಯೂಟರ್ ಮಶೀನಿಗೇ ಕೊಡಬಹುದಿತ್ತಲ್ರಿ. ಈಗ ಪ್ಯಾಟರ್ನ್ ಸುದ್ದಾ ಅದ ಕೊರದ ಕೊಡತೈತಿ."

"ವಿನ್ಯಾಸ ಇನ್ನೂ ಬದಲಾಗ್ತಾನೇ ಇದೆ. ಪ್ರತಿ ಸಲ ಮಶೀನಿಗೆ ಕೊಟ್ಟು ಕಾಯೋಕಾಗಲ್ಲ. ನೀವಾದ್ರೆ ಕೆತ್ತಿ, ಅಂಟಿಸಿ, ಇದ್ದಲ್ಲೇ ತಿದ್ದಿ ಕೊಡ್ತೀರಿ ಅಂತ ಇವರು ಹೇಳಿದ್ರು."

ಇವರು ಅಂದರೆ ಮಾಲಕರು. ಮೇಡಂ ಹೊರಗೆ ಹೋದ ಮೇಲೆ ಅವರು ನನಗೆ ವಿಷಯ ಒಡೆದು ಹೇಳಿದರು. ಮೂರು ಸಲ ಹೊಯ್ಯಲು ಸಾಕಾಗುವಷ್ಟು ಲೋಹ ಬಂದಿದೆ. ಮೂರರಲ್ಲಿ ಒಂದಾದರೂ ಪಾಸಾದರೆ ಮುಂದಿನ ಎಂಜಿನ್ನುಗಳ ಕವಚವೂ ನಮ್ಮಲ್ಲೇ. ಮೂರೂ ಕೆಟ್ಟರೆ ನಕಾಶೆ ಸುತ್ತಿಕೊಂಡು ಬೇರೆ ಊರಿಗೆ ಹೋಗುತ್ತಾರೆ.

"ಇನ್ನೊಂದ ಮಾತು ಮಿಸ್ತ್ರಿ," ಅಂದರು. "ಈ ಕೆಲಸ ಹೋತಂದ್ರ ನಾನೂ ಕಟ್ಟಿಗಿ ಪ್ಯಾಟರ್ನ್ ಬಂದ್ ಮಾಡಾಂವ. ಎಲ್ಲಾ ಮಶೀನಿಗೆ. ಬ್ಯಾಸರ ಮಾಡ್ಕೋಬ್ಯಾಡ."

ಬೇಸರ ಮಾಡಿಕೊಳ್ಳಲಿಲ್ಲ. ಆದರೆ ಅವತ್ತಿನಿಂದ ಒಂದು ಕಡೆ ಕುಳಿತುಕೊಳ್ಳುವುದು ನನ್ನಿಂದ ಆಗಲಿಲ್ಲ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ನಕಾಶೆ ಓದುವುದರಲ್ಲಿ ಈ ಊರಿನಲ್ಲಿ ಯಾರ ಮುಂದೆಯೂ ತಲೆ ಬಗ್ಗಿಸಿದವನಲ್ಲ. ನನ್ನ ಪ್ಯಾಟರ್ನ್ ಮೇಲೆ ಇದುವರೆಗೆ ಯಾರೂ ಬೆರಳು ಮಾಡಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ನನ್ನ ಕೆಲಸದ ಖೋಲಿ ಇರುವುದು ಅನಗೋಳದ ಓಣಿಯಲ್ಲಿ, ಮನೆಯ ಮುಂಭಾಗದಲ್ಲೇ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ. ಅದಕ್ಕೆ ನಮ್ಮ ಅಳತೆಪಟ್ಟಿಯೇ ಬೇರೆ. ನೋಡಲು ಮಾಮೂಲಿ ಉಕ್ಕಿನ ಪಟ್ಟಿ, ಆದರೆ ಗೆರೆಗಳ ನಡುವಿನ ದೂರ ಒಂದು ಕೂದಲಿನಷ್ಟು ಹೆಚ್ಚು. ಕಬ್ಬಿಣಕ್ಕೆ ಒಂದು ಪಟ್ಟಿ, ಅಲ್ಯೂಮಿನಿಯಂಗೆ ಇನ್ನೊಂದು. ಅಲ್ಯೂಮಿನಿಯಂ ಪಟ್ಟಿಯನ್ನು ಹೊಸದಾಗಿ ತರಿಸಿ, ಕಬ್ಬಿಣದ್ದನ್ನು ಕೈಗೆ ಸಿಗದ ಹಾಗೆ ಅಟ್ಟದ ಮೇಲಿಟ್ಟೆ. ಕವಚದ ಹೊರರೂಪವನ್ನು ಎರಡು ಹೋಳಾಗಿ ಕೆತ್ತಿದೆ. ಒಳಗಿನ ಪೊಳ್ಳಿಗೆ ಮತ್ತು ಎಣ್ಣೆ ಹರಿಯುವ ಸಣ್ಣ ದಾರಿಗಳಿಗೆ ಬೇರೆ ಮರಳಿನ ಗಟ್ಟಿಗಳನ್ನು ಮಾಡಿ ಅಚ್ಚಿನೊಳಗೆ ಕೂರಿಸಬೇಕಾಗುತ್ತದೆ. ಅವಕ್ಕೆ ಕೋರ್ ಅನ್ನುತ್ತಾರೆ. ಅವುಗಳನ್ನು ತುಂಬಿ ತೆಗೆಯುವ ಪೆಟ್ಟಿಗೆಗಳೂ ಕಟ್ಟಿಗೆಯವೇ, ಅವೂ ನನ್ನ ಕೆಲಸವೇ. ಒಂದು ಎಣ್ಣೆದಾರಿಯಂತೂ ಪೆನ್ನಿನಷ್ಟು ಸಪೂರ, ಎರಡು ಕಡೆ ಬಾಗುತ್ತಿತ್ತು.

ಮೊದಲ ಎರಕ, ಸೋರುತ್ತದೆಯೇ ಎಂದು ನೀರಿನಲ್ಲಿ ಮುಳುಗಿಸಿ ನೋಡುವ ಪರೀಕ್ಷೆಯವರೆಗೂ ಬರಲಿಲ್ಲ. ಅಚ್ಚು ಒಡೆದು ಮರಳು ಉದುರಿಸುತ್ತಿದ್ದಂತೆಯೇ ಕಂಡಿತು. ಎಣ್ಣೆದಾರಿ ಗೋಡೆಯನ್ನು ಕೊರೆದು ಹೊರಗೆ ಬಾಯಿ ತೆರೆದಿತ್ತು. ಕೋರ್ ಬಾಗಿದೆ, ಅಂದರೆ ಕೋರಿನ ಪೆಟ್ಟಿಗೆ ಬಾಗಿದೆ. ಮನೆಗೆ ಓಡಿ ಹೋಗಿ ಪೆಟ್ಟಿಗೆಯ ಮೇಲೆ ಉಕ್ಕಿನ ಪಟ್ಟಿ ಇಟ್ಟು ಬೆಳಕಿಗೆ ಹಿಡಿದೆ. ಪಟ್ಟಿಯ ಕೆಳಗೆ ಬೆಳಕಿನ ಗೆರೆ ಹಾಯ್ದು ಬಂತು. ಒಣಗಿದೆ ಎಂದು ಕೊಂಡಿದ್ದ ಸಾಗವಾನಿ ನಮ್ಮ ಮಳೆಯ ಥಂಡಿ ಕುಡಿದು ಉಬ್ಬಿತ್ತು.

"ಮಳಿ ತಪ್ಪು, ನಿಮ್ಮ ತಪ್ಪಲ್ಲ ಬಿಡ್ರಿ. ಊಟ ಮಾಡ್ರಿ," ಅಂದಳು ಮನೆಯಾಕೆ.

"ಮಳಿ ಬರತೈತಿ ಅಂತ ನನಗ ಗೊತ್ತಿರಲಿಲ್ಲೇನ?" ಅಂದು ಅರ್ಧ ರೊಟ್ಟಿಗೇ ಎದ್ದೆ.

ಮರುದಿನ ಬೆಳಿಗ್ಗೆ ಖಾನಾಪುರದ ಬಸ್ಸು ಹತ್ತಿದೆ. ಅಲ್ಲೊಬ್ಬ ಕಟ್ಟಿಗೆ ಅಡ್ಡೆಯವನಿದ್ದಾನೆ. ಹಳೆಯ ಕಟ್ಟಡ ಕೆಡವಿದಲ್ಲಿಂದ ತೊಲೆ, ಬಾಗಿಲ ಚೌಕಟ್ಟು ತಂದು ಮಾರುತ್ತಾನೆ. ಮಾತಿನಲ್ಲಿ ಮರಾಠಿ ಎಷ್ಟೋ ಕನ್ನಡ ಎಷ್ಟೋ ಅವನಿಗೇ ತಿಳಿಯದು. ನಾನು ತೊಲೆಗಳ ಮೇಲೆ ಹತ್ತಿ ಇಳಿದು, ಉಗುರು ಒತ್ತಿ, ತುದಿಯನ್ನು ಮೂಸಿ ನೋಡುತ್ತಿರುವಾಗ ಅವನು ಬೀಡಿ ಹಚ್ಚಿಕೊಂಡು ನಿಂತ.

"ಕನ್ಯಾ ನೋಡಾಕ ಬಂದಂಗ ನೋಡಾಕತ್ತಿಯಲ್ಲೋ ಮಿಸ್ತ್ರಿ. ಯಾವುದರ ಸಲುವಾಗಿ?"

"ವಿಮಾನದ ಎಂಜಿನ್ ಸಲುವಾಗಿ."

"ಲಾಕಡಾಚ ವಿಮಾನ?" ಅಂದು ಅವನು ಕೆಮ್ಮುವವರೆಗೂ ನಕ್ಕ. "ಕಟ್ಟಿಗಿ ವಿಮಾನ ಮಾಡಾಂವ! ಹಾರಿದ್ರ ನನ್ನ ಕುಂದರಸ್ಕೊಂಡ ಒಂದ ಸುತ್ತ ಗೋವಾಕ್ಕ ಹೋಗಿ ಬಾ."

ಹಳೆಯ ಗೋದಾಮಿನದೊಂದು ತೊಲೆ ಸಿಕ್ಕಿತು. ಎಷ್ಟೋ ಮಳೆಗಾಲ ಕಂಡು, ಇನ್ನು ಬಾಗುವ ಆಸೆಯೇ ಬಿಟ್ಟ ಕಟ್ಟಿಗೆ. ಅದನ್ನು ಸೀಳಿಸಿ, ಗೋಣಿಯಲ್ಲಿ ಸುತ್ತಿ, ಮಳೆ ತಾಗದ ಹಾಗೆ ಟೆಂಪೋದಲ್ಲಿ ತಂದೆ. ಹೊಸ ಪೆಟ್ಟಿಗೆಗಳನ್ನು ಮಾಡಿ ಥಂಡಿ ಹೀರದ ಹಾಗೆ ಮೈಯೆಲ್ಲ ಲಾಖಿನ, ಅಂದರೆ ಅರಗಿನ, ಪಾಲಿಶ್ ಹಚ್ಚಿದೆ. ಈ ಸಲ ಬೆಳಕಿನ ಗೆರೆ ಎಲ್ಲಿಯೂ ಕಾಣಲಿಲ್ಲ.

ಎರಡನೇ ಎರಕ ನೋಡಲು ಚೆಂದ ಬಂತು. ಎಣ್ಣೆದಾರಿಗಳಲ್ಲಿ ತಂತಿ ತೂರಿಸಿದರೆ ಅದು ಸಲೀಸಾಗಿ ಆಚೆ ಹೊರಟಿತು. ಎಲ್ಲ ರಂಧ್ರಗಳಿಗೂ ರಬ್ಬರ್ ಬಿರಡೆ ಜಡಿದು, ಕವಚವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ಗಾಳಿ ಬಿಡಲು ಶುರು ಮಾಡಿದರು. ಒತ್ತಡದ ಮುಳ್ಳು ಏರುತ್ತಾ ಹೋಯಿತು. ನೀರು ಅಲುಗಾಡಲಿಲ್ಲ. ಮೇಡಂ ಕೊಟ್ಟಿದ್ದ ಒತ್ತಡಕ್ಕೆ ಇನ್ನೇನು ಮುಟ್ಟಬೇಕು, ಪಂಪು ಬಿಗಿಯುವ ಉಬ್ಬಿನ ಬುಡದಿಂದ ಸಾಸಿವೆಯಷ್ಟು ಸಣ್ಣದೊಂದು ಗುಳ್ಳೆ ಎದ್ದು ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಪೋಣಿಸಿದ ಹಾಗೆ ಸಾಲು ಸಾಲು.

"ಹೋತು," ಅಂದರು ಮಾಲಕರು. ಅವರು ನೀರನ್ನು ಬಿಟ್ಟು ನನ್ನನ್ನು ನೋಡುತ್ತಿದ್ದರು.

ಕೆಟ್ಟ ಕವಚವನ್ನು ಎಕ್ಸ್-ರೇಗೆ ಕಳಿಸಿದರು. ಮೇಡಂ ಮತ್ತೆ ಬಂದು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಉಬ್ಬಿನ ಬುಡದಲ್ಲಿ ಇರುವೆ ಗೂಡಿನ ಹಾಗೆ ಕಪ್ಪು ಚುಕ್ಕೆಗಳು.

"ಕಾರಣ ಇಷ್ಟೇ," ಅಂದರು. "ತೆಳ್ಳಗಿರೋ ಜಾಗ ಮೊದಲು ಗಟ್ಟಿಯಾಗುತ್ತೆ, ದಪ್ಪಗಿರೋದು ಕೊನೆಗೆ. ಕೊನೆಗೆ ಆರೋ ಜಾಗ ಕುಗ್ಗುವಾಗ ಅದಕ್ಕೆ ಇನ್ನಷ್ಟು ಲೋಹ ಬೇಕು. ಅಷ್ಟೊತ್ತಿಗೆ ಲೋಹ ಬರೋ ದಾರಿ ಮುಚ್ಚಿರುತ್ತೆ. ಆಗ ಅದು ತನ್ನ ಹೊಟ್ಟೆಯಲ್ಲೇ ತೂತು ಮಾಡ್ಕೊಳ್ಳುತ್ತೆ. ಈ ಜಾಗ ನಾವು ಕೇಳಿದ್ದಕ್ಕಿಂತ ದಪ್ಪ ಇದೆ ಮಿಸ್ತ್ರಿಯವರೇ."

"ಇರಾಕ ಸಾಧ್ಯ ಇಲ್ಲ," ಅಂದೆ.

ಅವರು ವಾದಿಸಲಿಲ್ಲ. ಕವಚವನ್ನು ಅಲ್ಲಿಯೇ ಗರಗಸಕ್ಕೆ ಹಿಡಿಸಿ ಎರಡು ಸೀಳು ಮಾಡಿಸಿದರು. ವರ್ನಿಯರ್ ಮಾಪಕವನ್ನು ನನ್ನ ಕೈಗೇ ಕೊಟ್ಟರು. ನಾಲ್ಕು ಇರಬೇಕಾದ ಗೋಡೆ ಕೆಲವು ಕಡೆ ಐದಿತ್ತು, ಉಬ್ಬಿನ ಹತ್ತಿರ ಐದೂವರೆ. ನಾನು ಮತ್ತೆ ಮತ್ತೆ ಒರೆಸಿ ಹಿಡಿದು ನೋಡಿದೆ. ವರ್ನಿಯರಿಗೆ ಯಾರ ಮುಲಾಜೂ ಇಲ್ಲವಲ್ಲ.

"ಕಲಿಯೋ ಹುಡುಗರು ಕೂರೋ ವಿಮಾನ ಇದು," ಅಂದರು ಮೇಡಂ. "ಎಂಜಿನ್ನಿನ ಹಿಡಿಕೆ ಒಮ್ಮೆಲೇ ಮುಂದೆ ನೂಕ್ತಾರೆ, ಗಾಬರಿಯಾಗಿ ಒಮ್ಮೆಲೇ ಹಿಂದೆ ಎಳೀತಾರೆ. ಪಳಗಿದವರಿಗಿಂತ ಹೆಚ್ಚು ಹೊಡೆತ ಇದಕ್ಕೆ ಬೀಳುತ್ತೆ. ಇಲ್ಲಿಂದ ಎಣ್ಣೆ ಸೋರಿದ್ರೆ ಮೇಲೆ ನಿಲ್ಲಿಸಿ ರಿಪೇರಿ ಮಾಡೋಕೆ ಯಾರೂ ಇರಲ್ಲ."

ಸೈಕಲ್ ಕಲಿಯುವವರು ಬ್ರೇಕು ಹಿಡಿಯುವುದನ್ನು ನಾನೂ ಕಂಡಿದ್ದೇನೆ. ಅವರ ಮಾತು ಅರ್ಥವಾಯಿತು. ಅರ್ಥವಾಗದೆ ಉಳಿದದ್ದು ಆ ಒಂದೂವರೆ ಮಿಲಿಮೀಟರ್. ನನ್ನ ಪ್ಯಾಟರ್ನ್ ನಾಲ್ಕೂವರೆಗೆ ಇತ್ತು. ಅದು ನನಗೆ ಗೊತ್ತಿತ್ತು. ಅರ್ಧ ಮಿಲಿ ಹೆಚ್ಚಿಡುವುದು ನಮ್ಮ ಕಸುಬಿನ ಪದ್ಧತಿ. ಕಬ್ಬಿಣದ ಎರಕದಲ್ಲಿ ಗೋಡೆ ತೆಳ್ಳಗಾದರೆ ಬೈಗುಳ ನೇರ ಪ್ಯಾಟರ್ನ್ ಮಾಡಿದವನಿಗೆ ಬರುತ್ತದೆ, ದಪ್ಪಗಾದರೆ ಯಾರೂ ಕೇಳುವುದಿಲ್ಲ. ಕಬ್ಬಿಣಕ್ಕೆ ಕ್ಷಮಿಸುವ ಗುಣವೂ ಇದೆ. ಹಾಗೆಂದೇ ಕೈ ತಾನಾಗಿ ಅಷ್ಟು ಬಿಡುತ್ತದೆ. ಆದರೆ ಇನ್ನೊಂದು ಮಿಲಿ ಎಲ್ಲಿಂದ ಬಂತು?

ಆಮೇಲಿನ ದಿನಗಳನ್ನು ನಾನು ನಡೆದೇ ಕಳೆದೆ ಅನ್ನಬೇಕು. ಅನಗೋಳದಿಂದ ಉದ್ಯಮಬಾಗ, ಅಲ್ಲಿಂದ ಮತ್ತೆ ಮನೆ. ಪ್ಯಾಟರ್ನನ್ನು ಅಳೆಯುವುದು, ಬಟ್ಟೆ ಮುಚ್ಚುವುದು, ಹತ್ತು ಹೆಜ್ಜೆ ಹೋಗಿ ತಿರುಗಿ ಬಂದು ಬಟ್ಟೆ ತೆಗೆದು ಮತ್ತೆ ಅಳೆಯುವುದು.

"ಒಂದ ಕಡೆ ಕುಂದರ್ರಿ, ನೆಲದ ಫರ್ಶಿ ಸವೀತೈತಿ," ಅಂದಳು ಮನೆಯಾಕೆ. ಕೊನೆಗೆ ಭಾನುವಾರ ಕೈಗೆ ಚೀಲ ಕೊಟ್ಟು ಖಾಸಬಾಗದ ಸಂತೆಗೆ ಎಳೆದುಕೊಂಡು ಹೋದಳು.

ಅಲ್ಲಿ ಅವಳು ಒಬ್ಬ ಮುದುಕಿಯ ಹತ್ತಿರ ಮೆಣಸಿನಕಾಯಿ ತೂಗಿಸಿದಳು. ತಕ್ಕಡಿ ಸಮ ನಿಂತಿತು. ಮನೆಯಾಕೆ ಚೀಲದ ಬಾಯಿ ತೆರೆದು ಹಾಗೇ ಹಿಡಿದುಕೊಂಡಳು.

"ಕೊಸರು ಹಾಕಬೇ."

ಮುದುಕಿ ನಾಲ್ಕು ಕಾಯಿ ಹಾಕಿದಳು. ಚೀಲದ ಬಾಯಿ ಮುಚ್ಚಲಿಲ್ಲ. ಇನ್ನೆರಡು ಹಾಕಿದಳು.

"ಇನ್ನ ತಕ್ಕಡಿ ಅಷ್ಟ ಉಳದೈತಿ ನೋಡವಾ. ಅದನ್ನೂ ಒಯ್ತಿಯೇನು?"

"ನಿನ್ನ ತಕ್ಕಡಿ ಸುಳ್ಳ ಹೇಳತೈತಿ ಅಂತನ ಕೊಸರು ಕೇಳೋದು," ಅಂದಳು ಇವಳು, ನಗುತ್ತಲೇ. ಮುದುಕಿಯೂ ನಕ್ಕು ಒಂದು ಎಸಳು ಕರಿಬೇವು ಎಸೆದಳು.

ನನಗೆ ನಗು ಬರಲಿಲ್ಲ. ಅಲ್ಲೇ ನಿಂತುಬಿಟ್ಟೆ. ಹಿಂದಿನವನೊಬ್ಬ "ಬಾಜು ಸರೀರಿ ಕಾಕಾ" ಅಂದದ್ದು ಕೇಳಿಸಿತು. ಅಳತೆಯಲ್ಲಿ ನಂಬಿಕೆಯಿಲ್ಲದಾಗ ಕೊಸರು. ನಾನು ಹಾಕಿದ್ದು ಗೊತ್ತಿದೆ. ಉಳಿದವರು?

ಸೋಮವಾರ ಬೆಳಿಗ್ಗೆಯೇ ಫೌಂಡ್ರಿಗೆ ಹೋಗಿ, ಕೆಲಸ ಬಿಟ್ಟು, ಬರಿದೇ ನೋಡುತ್ತಾ ನಿಂತೆ. ಅಚ್ಚು ಕಟ್ಟುವ ಹಿರಿಯರನ್ನು ನಾವೆಲ್ಲ ಚಾಚಾ ಅನ್ನುತ್ತೇವೆ. ಅವರ ಕೈಯಲ್ಲಿ ಮರಳು ಬೆಣ್ಣೆಯ ಹಾಗೆ ಕೂರುತ್ತದೆ. ಒಂದು ಬೇರೆ ಕೆಲಸದ ಪ್ಯಾಟರ್ನನ್ನು ಮರಳಿನಿಂದ ಎತ್ತುವ ಮೊದಲು ಅವರು ಅದಕ್ಕೆ ಕಬ್ಬಿಣದ ಸರಳು ಸಿಕ್ಕಿಸಿ, ಸುತ್ತಿಗೆಯಿಂದ ನಾಲ್ಕೂ ಕಡೆಗೆ ಟಣ್ ಟಣ್ ಎಂದು ತಟ್ಟಿದರು. ಪ್ಯಾಟರ್ನ್ ಸಡಿಲವಾಯಿತು. ಅದು ಸಡಿಲವಾಗುವುದೆಂದರೆ ಪೊಳ್ಳು ಹಿಗ್ಗುವುದೇ. ಇದನ್ನು ಎಷ್ಟು ಸಲ ನೋಡಿದ್ದೇನೋ, ಅವತ್ತು ಕಣ್ಣಿಗೆ ಬಿತ್ತು. ಆಚೆ ಕೋರ್ ಮಾಡುವ ಅಕ್ಕ ಒಣಗಿದ ಕೋರನ್ನು, ಅದು ಕೂರಲೆಂದು ಪ್ಯಾಟರ್ನ್ ಮರಳಿನಲ್ಲಿ ಬಿಟ್ಟ ಗೂಡಿಗೆ ಕೂರಿಸಿ ನೋಡಿ, ಬಿಗಿ ಅನ್ನಿಸಿ, ಕಾನಸಿನಿಂದ, ಅಂದರೆ ಅರದಿಂದ, ಸುತ್ತಲೂ ಉಜ್ಜಿ ಸಣ್ಣ ಮಾಡಿದಳು. ಒಳಗಿನ ಕೋರ್ ಸಣ್ಣದಾದರೆ ಗೋಡೆ ಒಳಗಿನಿಂದಲೂ ದಪ್ಪ.

ಮಧ್ಯಾಹ್ನ ಊಟವಾದ ಮೇಲೆ ಸೀಳಿದ ಕವಚವನ್ನು ತಂದು ಮರಳಿನ ಮೇಲಿಟ್ಟು ಎಲ್ಲರನ್ನೂ ಕರೆದೆ. ಮೇಡಂ ಊರಲ್ಲೇ ಇದ್ದರು, ಅವರೂ ಬಂದರು. ಮಾಲಕರು ಕುರ್ಚಿ ತರಿಸಿಕೊಂಡರು.

"ಏನ ಮಿಸ್ತ್ರಿ, ಪಂಚಾಯ್ತಿ ಕೂಡಿಸಿಯೇನ?" ಅಂದರು ಚಾಚಾ. "ಆರೋಪಿ ಯಾರು?"

"ಯಾರ ಕೊಸರು ಎಷ್ಟು, ಅಷ್ಟ ಹೇಳ್ರಿ. ನಾನ ಮೊದಲ ಹೇಳತೇನಿ. ನಂದು ಅರ್ಧ ಮಿಲಿ."

ಮಾಲಕರು ಕುರ್ಚಿಯಲ್ಲಿ ನೆಟ್ಟಗಾದರು. ನಮ್ಮ ಕಸುಬಿನಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ.

"ಯಾಕ ಇಟ್ಟಿ?" ಅಂದಳು ಅಕ್ಕ.

"ನಿನ್ನ ಸಲುವಾಗಿ. ನಿನ್ನ ಕೋರ್ ಒಂದ ಕಡೆ ಸರದ್ರ ಗೋಡಿ ತೆಳ್ಳಗಾಗತೈತಿ. ಆಗ ಎಲ್ಲಾರೂ ಪ್ಯಾಟರ್ನಿಗೆ ಬಟ್ಟ ಮಾಡತಾರ."

"ಸರಿಯೂದು ಯಾಕ ಕೇಳ ಮತ್ತ! ನೀ ಮಾಡಿದ ಗೂಡು ಬಿಗಿ. ಜಬರದಸ್ತಿ ಮಾಡಿದ್ರ ಕೋರ್ ಮುರೀತೈತಿ, ಅದಕ್ಕ ಉಜ್ಜತೇನಿ. ಉಜ್ಜಿದ ಮ್ಯಾಲೆ ಸರೀತೈತಿ. ನಾ ಏನ ಮಾಡ್ಲಿ, ಅದಕ್ಕ ಜೋಗುಳ ಹಾಡ್ಲ್ಯಾ?"

ಎಲ್ಲರೂ ನಕ್ಕರು. ಚಾಚಾ ಮಾತ್ರ ಗಡ್ಡ ಸವರಿಕೊಳ್ಳುತ್ತಿದ್ದರು.

"ನೀವ ಹೇಳ್ರಿ ಚಾಚಾ. ಬಡೀತೀರಲ್ಲ, ಅದ ಎಷ್ಟು?"

"ಅರೇ, ಬಡೀದಿದ್ರ ನಿನ್ನ ಪ್ಯಾಟರ್ನ್ ಮ್ಯಾಲೆ ಏಳತೈತೇನ? ಮರಳ ಕಚ್ಚಿಕೊಂಡ ಬರತೈತಿ. ಎಷ್ಟು ಅಂತ ಯಾರ ಅಳದಾರ? ಕೈ ಅಂತೈತಿ ಬಸ್, ನಾ ನಿಲ್ಲಸತೇನಿ."

"ಒಟ್ಟ ಎಲ್ಲಾ ತಿರುಗಿ ಮಿಸ್ತ್ರಿ ಬಾಗಲಕ್ಕ ಬಂತಲ್ಲ," ಅಂದರು ಮಾಲಕರು ಖುಷಿಯಿಂದ. "ನನ್ನ ಕಡೆ ಏನೂ ಕೊಸರಿಲ್ಲ ನೋಡ್ರಿ."

"ಮಾಲಕ್ರ," ಅಂದರು ಚಾಚಾ ಮೆಲ್ಲಗೆ, "ಭಟ್ಟಿಯವಗ 'ಇನ್ನಷ್ಟ ಕಾಸೋ, ಲೋಹ ಮೂಲಿಗೆ ಮುಟ್ಟಬೇಕು' ಅಂತ ದಿನಾ ಒದರೋರು ಯಾರ್ರಿ? ನಮ್ಮ ಅಜ್ಜನೇನ?"

ಹೆಚ್ಚು ಕಾಯಿಸಿದ ಅಲ್ಯೂಮಿನಿಯಂ ಗಾಳಿ ಕುಡಿಯುತ್ತದೆ, ಕುಗ್ಗುವುದೂ ಹೆಚ್ಚು ಎಂದು ಮೇಡಂ ಹೇಳಿದಾಗ ಮಾಲಕರ ಮುಖ ನೋಡುವ ಹಾಗಿತ್ತು. ಆಮೇಲೆ ಮೇಡಂ ತಾವಾಗಿಯೇ ಅಂದರು, "ನಮ್ಮ ಕಡೆಯೂ ಇರಬಹುದು. ಗೋಡೆಯ ದಪ್ಪ ಲೆಕ್ಕ ಹಾಕಿದವರು ಬೇರೆ. ಎಷ್ಟು ಹೆಚ್ಚಿಟ್ಟಿದ್ದಾರೋ ನನಗೆ ಗೊತ್ತಿಲ್ಲ. ಎಂಜಿನ್ ಓಡಿಸಿ ಅಳೆದ ಮೇಲೆ ಗೊತ್ತಾಗುತ್ತೆ. ಗೊತ್ತಾದ್ರೆ ಹೇಳ್ತೀನಿ."

ಸಂತೆಯ ಕೊಸರಿನಲ್ಲಿ ಜಗಳವೂ ಇದೆ, ನಗುವೂ ಇದೆ. ನಾವು ಒಳಗೊಳಗೇ ಹಾಕುತ್ತಿದ್ದದ್ದರಲ್ಲಿ ಎರಡೂ ಇರಲಿಲ್ಲ. ಮುಂದಿನವನು ಕೆಡಿಸುತ್ತಾನೆ ಎಂಬ ಅಂಜಿಕೆ ಒಂದೇ ಇತ್ತು.

ಉಳಿದದ್ದು ಒಂದೇ ಎರಕದ ಲೋಹ. ನಾನು ಅರ್ಧ ಮಿಲಿ ತೆಗೆದು, ಕೋರ್ ಅಕಸ್ಮಾತ್ ಸರಿದರೆ ಗೋಡೆ ಕಾಗದವಾಗುತ್ತದೆ. ತೆಗೆಯದೆ ಬಿಟ್ಟರೆ ಮತ್ತೆ ಗುಳ್ಳೆ. ಸಭೆ ಮುಗಿದ ಮೇಲೆ ಮಾಲಕರು ಬಾಜು ಕರೆದು ಹೇಳಿದರು, "ಪೂರಾ ತೆಗೀಬ್ಯಾಡ ಮಿಸ್ತ್ರಿ. ಕಾಲ ಮಿಲಿ ಇಟ್ಟಬಿಡು. ಯಾರಿಗೆ ಗೊತ್ತಾಗತೈತಿ?"

ಅದು ಬುದ್ಧಿವಂತಿಕೆಯ ಮಾತೇ. ನನ್ನ ಕೈಗೂ ಅದೇ ಬೇಕಿತ್ತು. ಮನೆಗೆ ಹೋಗುವ ದಾರಿಯುದ್ದಕ್ಕೂ ಕಾಲು ಮಿಲಿ, ಕಾಲು ಮಿಲಿ ಎಂದೇ ತಲೆಯಲ್ಲಿ ಸುತ್ತಿತು. ಆದರೆ ನಾನು ಕಾಲು ಇಟ್ಟರೆ ಚಾಚಾ ಮೆತ್ತಗಾದರೂ ನಾಲ್ಕು ಏಟು ಹಾಕುತ್ತಾರೆ, ಅಕ್ಕ ಒಂದೆರಡು ಸಲ ಕಾನಸು ಎಳೆಯುತ್ತಾಳೆ. ಎಲ್ಲರ ಕಾಲು ಮಿಲಿ ಸೇರಿದರೆ ಮತ್ತೆ ಅದೇ ಇರುವೆ ಗೂಡು. ನಾಲ್ಕು ಜನರ ಮುಂದೆ ನಂದು ಅರ್ಧ ಎಂದು ಹೇಳಿದವನು ನಾನು. ಅಂದ ಮಾತಿಗೆ ತಪ್ಪಿ ಕಾಲು ಉಳಿಸಿಕೊಂಡರೆ ನನ್ನ ಉಳಿಗೆ ನಾನೇ ಹೇಗೆ ಮುಖ ತೋರಿಸಲಿ?

ಪೂರಾ ತೆಗೆದೆ. ಅಷ್ಟು ತೆಳುವಾಗಿ ಹೆರೆಯಲು ಉಳಿ ಆಗುವುದಿಲ್ಲ. ಕಿಟಕಿಯ ಒಡೆದ ಗಾಜಿನ ಚೂರಿನ ಅಂಚು ಬೇಕು. ಎಳೆದರೆ ಕೂದಲಿನಂಥ ಸಿಪ್ಪೆ ಬರುತ್ತದೆ. ಎಳೆಯುವುದು, ಅಳೆಯುವುದು, ಮತ್ತೆ ಎಳೆಯುವುದು. ನನ್ನ ಕೈ ಎರಡು ಸಲ ತಾನಾಗಿಯೇ ಬೇಗ ನಿಂತಿತು. ಎರಡು ಸಲವೂ ಬೈದು ಮುಂದೆ ಕಳಿಸಿದೆ. ಕೋರ್ ಕೂರುವ ಗೂಡುಗಳನ್ನು ಒಂದು ತೆಳು ಕಾಗದದಷ್ಟು ಸಡಿಲ ಮಾಡಿ, ಅಕ್ಕನನ್ನೇ ಕರೆಸಿ ಕೂರಿಸಿ ನೋಡು ಅಂದೆ. "ಈಗ ಉಜ್ಜೂದು ಬ್ಯಾಡ," ಅಂದಳು. ಪ್ಯಾಟರ್ನ್ ಬಡಿತವಿಲ್ಲದೆ ಎದ್ದು ಬರಬೇಕೆಂದು, ಅದರ ನೆಟ್ಟಗಿನ ಗೋಡೆಗಳಿಗೆಲ್ಲ ಕಣ್ಣಿಗೆ ಕಾಣದಷ್ಟು ಓರೆ ಕೊಟ್ಟೆ. ಮೇಲೆ ಪಾಲಿಶ್, ಅದು ಒಣಗಿದ ಮೇಲೆ ಉಜ್ಜಿ ಮತ್ತೊಂದು ಪಾಲಿಶ್. ಕೊನೆಗೆ ಅದರಲ್ಲಿ ಮುಖ ನೋಡಿಕೊಂಡು ಮೀಸೆ ತಿರುವಬಹುದಿತ್ತು.

ಮೂರನೇ ಎರಕದ ದಿನ ಚಾಚಾ ಸುತ್ತಿಗೆಯನ್ನು ತಾವೇ ತೆಗೆದು ಮಾಲಕರ ಕೋಣೆಯಲ್ಲಿಟ್ಟು ಬಂದರು.

"ಕೈಯಾಗ ಇದ್ರ ಅದರ ಚಾಳಿ ಅದು ಮಾಡತೈತಿ," ಅಂದರು.

ಮರಳು ತುಂಬಿ ಮುಗಿದ ಮೇಲೆ, ಬಿಸ್ಮಿಲ್ಲಾ ಅಂದು ಎರಡೂ ಕೈಯಿಂದ ಪ್ಯಾಟರ್ನಿನ ಹಿಡಿಕೆ ಹಿಡಿದರು. ಎತ್ತಲು ಹೋದರೆ ಅದು ಏಳಲಿಲ್ಲ. ನಾನು ಒಂದು ಹೆಜ್ಜೆ ಮುಂದಿಟ್ಟೆ. "ಅಲ್ಲೇ ನಿಂದ್ರ," ಅಂದರು, ತಲೆ ಎತ್ತದೆ. ಇನ್ನೊಮ್ಮೆ, ಮಲಗಿದ ಕೂಸಿನ ಕೆಳಗಿಂದ ಕೈ ತೆಗೆಯುವ ಹಾಗೆ, ಮೇಲಕ್ಕೆಳೆದರು. ಉಸ್ ಎಂದು ಸಣ್ಣ ಸದ್ದಾಗಿ ಪ್ಯಾಟರ್ನ್ ಎದ್ದು ಬಂತು. ಒಂದು ಮೂಲೆಯಲ್ಲಿ ಮಾತ್ರ ಉಗುರಿನಷ್ಟು ಮರಳು ಮುರಿದಿತ್ತು. ಅದನ್ನು ಅವರು ಎಷ್ಟು ಹೊತ್ತು ತಿದ್ದಿದರೆಂದರೆ ಭಟ್ಟಿಯವನು ಎರಡು ಸಲ ಬಂದು ಇಣುಕಿ ಹೋದ. ಅಕ್ಕ ಕೋರುಗಳನ್ನು ಕೂರಿಸಿದಳು. ಕಾನಸು ಅವಳ ಸೆರಗಿನಲ್ಲಿತ್ತು, ಹೊರಗೆ ಬರಲಿಲ್ಲ. ಮೇಡಂ ಹೇಳಿದ ಬಿಸಿಗೆ ಮಾಪಕ ಮುಟ್ಟಿದ ಕೂಡಲೇ ಭಟ್ಟಿಯವನು ಮಾಲಕರ ಕಡೆ ನೋಡಿದ. ಮಾಲಕರು ಬಾಯಿ ತೆರೆದು, ನಮ್ಮನ್ನೆಲ್ಲ ನೋಡಿ, ಹಾಗೇ ಮುಚ್ಚಿಕೊಂಡರು.

ಹೊಯ್ದಾಯಿತು. ಆರುವವರೆಗೆ ನಾನು ಫೌಂಡ್ರಿಯ ಗೇಟಿಗೂ ಅಚ್ಚಿಗೂ ನಡುವೆ ಓಡಾಡಿದೆ. ಎಕ್ಸ್-ರೇ ಫಿಲ್ಮ್ ಬರುವವರೆಗೆ ಮನೆಗೂ ಗೇಟಿಗೂ ನಡುವೆ. ಫಿಲ್ಮಿನಲ್ಲಿ ಉಬ್ಬಿನ ಬುಡ ಹಾಲಿನ ಹಾಗೆ ಸ್ವಚ್ಛ ಇದೆ ಎಂದು ಮೇಡಂ ಹೇಳಿದರೂ ನಾನು ನಂಬಲಿಲ್ಲ. ತೊಟ್ಟಿಯ ನೀರು ಹೇಳಬೇಕು ಅಂದೆ.

ಮತ್ತೆ ಅದೇ ತೊಟ್ಟಿ. ಮತ್ತೆ ಬಿರಡೆ ಜಡಿದು, ಮುಳುಗಿಸಿ, ಗಾಳಿ ಬಿಟ್ಟರು. ಮುಳ್ಳು ಏರಿತು. ಹೋದ ಸಲ ಗುಳ್ಳೆ ಎದ್ದ ಗುರುತನ್ನು ದಾಟಿತು. ಕೇಳಿದ ಒತ್ತಡಕ್ಕೆ ಹೋಗಿ ನಿಂತಿತು. ಆಗ ಒಂದು ಗುಳ್ಳೆ ಎದ್ದಿತು.

ನನ್ನ ಕಾಲು ಅಲ್ಲಿಂದ ಹೊರಡಲು ತಯಾರಾಗಿತ್ತು. ಚಾಚಾ ಅಂಗಿಯ ತೋಳು ಮಡಚದೆಯೇ ಮೊಣಕೈವರೆಗೂ ನೀರಿಗೆ ಕೈ ಹಾಕಿ, ಮೇಲಿನ ರಬ್ಬರ್ ಬಿರಡೆಯ ಮೇಲೆ ಹೆಬ್ಬೆರಳು ಒತ್ತಿದರು. ಗುಳ್ಳೆ ನಿಂತಿತು.

"ಬಿರಡಿ ಸಡಲ ಐತಿ," ಅಂದರು. "ಕವಚ ಅಲ್ಲ. ಎಲ್ಲಿ ಓಡಾಕತ್ತೀಯೋ, ನಿಂದ್ರ."

ಬಿರಡೆ ಬಿಗಿದು ಮತ್ತೆ ಗಾಳಿ ಬಿಟ್ಟರು. ಮೇಡಂ ಗಡಿಯಾರ ನೋಡುತ್ತಾ ನಿಂತರು. ಅವರು ಸಾಕು ಅನ್ನುವವರೆಗೂ ನೀರು ಸುಮ್ಮನೇ ಇತ್ತು. ಆ ನೀರಿನಲ್ಲಿ ನಮ್ಮೆಲ್ಲರ ಮುಖ ಕಾಣುತ್ತಿತ್ತು, ಮಾಲಕರದೂ.

ಕವಚ ಬೆಂಗಳೂರಿಗೆ ಹೋಯಿತು. ಮಾಲಕರು ಕಟ್ಟಿಗೆ ಕೆಲಸ ನಿಲ್ಲಿಸುವ ಮಾತನ್ನು ಮತ್ತೆ ಎತ್ತಲಿಲ್ಲ. ನಾನೂ ನೆನಪಿಸಲಿಲ್ಲ. ಒಳಗೆ ಗಿಯರು ಕೂರಿಸಿ, ಎಂಜಿನ್ನಿಗೆ ಬಿಗಿದು ಓಡಿಸುವುದು ಬೆಂಗಳೂರಿನ ತಂಡದ ಕೆಲಸ, ಅದಕ್ಕೆ ಸಮಯ ಹಿಡಿಯುತ್ತದೆ ಎಂದು ಮೇಡಂ ಹೇಳಿದ್ದರು. ಮಳೆಗಾಲ ಹೋಗಿ ಥಂಡಿ ಬಂತು. ಫೋನ್ ಸದ್ದಾದಾಗಲೆಲ್ಲ ನಾನು ಕೈಯಲ್ಲಿದ್ದದ್ದು ಬಿಟ್ಟು ಓಡುತ್ತಿದ್ದೆ. ಮನೆಯಾಕೆ ಫೋನನ್ನು ಸೊಂಟಕ್ಕೇ ಕಟ್ಟಿಕೊಳ್ಳಿ ಎಂದು ಹೇಳಿಹೇಳಿ ಸಾಕಾಗಿ ಬಿಟ್ಟಳು.

ಕೊನೆಗೂ ಒಂದು ಬೆಳಿಗ್ಗೆ ಮೇಡಂ ಫೋನ್ ಮಾಡಿದರು.

"ಎಂಜಿನ್ ಓಡಿತು ಮಿಸ್ತ್ರಿಯವರೇ. ಹಿಡಿಕೆ ಪೂರ್ತಿ ಮುಂದೆ ತಳ್ಳಿ, ಪೂರ್ತಿ ಹಿಂದೆ ಎಳೆದು, ಮತ್ತೆ ಮತ್ತೆ ಮಾಡಿ ನೋಡಿದ್ವಿ."

"ನಮ್ಮ ಪೆಟಗಿರಿ?"

"ಒಂದು ಹನಿ ಎಣ್ಣೆ ಹೊರಗೆ ಬಂದಿಲ್ಲ."

ಒಳಗಿನಿಂದ ಇಣುಕಿದ ಮನೆಯಾಕೆಗೆ ನಾನು ಹೆಬ್ಬೆರಳು ಎತ್ತಿ ತೋರಿಸಿದೆ.

"ಮುಂದಿನ ಎಂಜಿನ್ನಿಗೆ ಹೊಸ ನಕಾಶೆ ಕಳಿಸ್ತಾ ಇದ್ದೀನಿ," ಅಂದರು ಅವರು. "ಪಂಪಿನ ಉಬ್ಬಿನ ಜಾಗ ಬದಲಾಗಿದೆ. ಗೋಡೆ ಈ ಸಲ ಮೂರೂವರೆ."

"ಮೂರೂವರೆ? ಮೇಡಂ, ನನ್ನ ಕಡೆ ತೆಗೆಯಾಕ ಈಗ ಏನೂ ಉಳದಿಲ್ರಿ. ಚಾಚಾ ಕಡೆನೂ ಇಲ್ಲ, ಅಕ್ಕನ ಕಡೆನೂ ಇಲ್ಲ. ಖರೇನ ಹೇಳಾಕತ್ತೇನಿ."

ಆ ಕಡೆಯಿಂದ ಸಣ್ಣಗೆ ನಗುವ ಸದ್ದು ಕೇಳಿಸಿತು.

"ಗೊತ್ತು. ಆವತ್ತು ಗೊತ್ತಾದ್ರೆ ಹೇಳ್ತೀನಿ ಅಂದಿದ್ದೆನಲ್ಲ. ಈ ಅರ್ಧ ನಮ್ಮದು."

ನಾನು ಫೋನಿಟ್ಟು ಒಂದು ಹೊಸ ಗಾಜಿನ ಚೂರು ಹುಡುಕಲು ಎದ್ದೆ.